ಎರಡು ಗುಂಪು, ಎರಡು ಮೇಜು

ಜೋಳದ ರೊಟ್ಟಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅತ್ತೆಯವರು ಬಡಿದದ್ದೇ ರೊಟ್ಟಿ ಎನ್ನುವವರದು ಒಂದು. ನಾನು ಬಡಿದದ್ದನ್ನೂ ಸೌಜನ್ಯಕ್ಕಾಗಿ ರೊಟ್ಟಿಯೆಂದು ಕರೆಯಬಹುದು ಎನ್ನುವ ಉದಾರಿಗಳದು ಮತ್ತೊಂದು. ಈ ಎರಡನೆಯ ಪಕ್ಷಕ್ಕೆ ಬಹುಕಾಲ ಅಧ್ಯಕ್ಷೆಯೂ ನಾನೇ, ಏಕಮಾತ್ರ ಸದಸ್ಯೆಯೂ ನಾನೇ. ಆದರೆ ಕಾಚಿಗುಡದ ನಮ್ಮ ಬಾಡಿಗೆ ಮನೆಗೆ ಗ್ಯಾಸ್ ಒಲೆ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಇದ್ದಿಲ ಸಿಗಡಿಯ ಮೇಲೆ ಹುಣ್ಣಿಮೆಯ ಚಂದ್ರನಂತೆ ಉಬ್ಬುತ್ತಿದ್ದ ಅತ್ತೆಯವರ ರೊಟ್ಟಿ ಗ್ಯಾಸಿನ ಮೇಲೆ ನಡುವೆ ಹಸಿಯಾಗಿ, ಅಂಚಿಗೆ ಕರಕಲಾಗಿ ಇಳಿಯತೊಡಗಿತು. ಸಿಗಡಿಯ ಮುಂದೆ ಕಣ್ಣೀರಿಟ್ಟು ಸೋಲುತ್ತಿದ್ದ ನನ್ನ ರೊಟ್ಟಿ ಗ್ಯಾಸಿನ ಮೇಲೆ ಮರ್ಯಾದೆಯಾಗಿ ಎದ್ದು ಕುಳಿತಿತು. ಯಾರ ಕೈ ಚಲೋ ಎಂಬ ಹಳೆಯ ವ್ಯಾಜ್ಯಕ್ಕೆ ಆ ದಿನದಿಂದ ಉತ್ತರವೇ ಇಲ್ಲದಂತಾಯಿತು. ಯಾವ ಒಲೆಯ ಮೇಲೆ ಎಂದು ಮೊದಲು ಕೇಳದೆ ಯಾರ ಕೈ ಎಂದು ಕೇಳುವುದೇ ತಪ್ಪು ಎಂಬುದನ್ನು ಮನೆಯವರು ಒಪ್ಪಲಿಲ್ಲ. ನಾನು ಒಪ್ಪಿದೆ, ಏಕೆಂದರೆ ಅದು ನನ್ನ ಲಾಭಕ್ಕಿತ್ತು.

ನನ್ನ ಹೊಟ್ಟೆಪಾಡಿನ ವಿದ್ಯೆಯೂ ಅದೇ. ಒಂದು ಮಹಿಳಾ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಈ ಶಾಸ್ತ್ರದ ಬಗ್ಗೆ ನಮ್ಮ ಬಂಧುಬಳಗದವರಿಗೆ ಇದ್ದ ಗೌರವ ಎಷ್ಟೆಂದರೆ, ಮದುವೆಯ ಮನೆಯಲ್ಲಿ ಎಲೆ ಎಷ್ಟು ಹಾಕಿಸಬೇಕು ಎಂಬ ಪ್ರಶ್ನೆ ಎದ್ದಾಗ ಮಾತ್ರ ಅವರಿಗೆ ನನ್ನ ನೆನಪಾಗುತ್ತಿತ್ತು. ನಾನು ಹೇಳಿದ ಸಂಖ್ಯೆಯನ್ನು ಕೇಳಿಸಿಕೊಂಡು, ಅಡುಗೆ ಭಟ್ಟನನ್ನು ಕೇಳಿ ಅವನು ಹೇಳಿದಷ್ಟು ಹಾಕಿಸುತ್ತಿದ್ದರು. ಹೀಗಿರುವಾಗ ನನ್ನ ಸೋದರಮಾವ ಗುರುಪಾದಮಾಮಾ ಒಂದು ಭಾನುವಾರ ಬೆಳಿಗ್ಗೆ ಬಂದು, ಚಹಾದ ಬಟ್ಟಲನ್ನು ಮುಟ್ಟದೆ, "ಸರೂ, ನಿನ್ನ ವಿದ್ಯಾ ನನಗ ಬೇಕಾಗೈತಿ" ಎಂದಾಗ ನನಗಾದ ಹರ್ಷವನ್ನು ನೀವೇ ಊಹಿಸಿಕೊಳ್ಳಿ. ಆ ಹರ್ಷ ಬಟ್ಟಲಿನ ಚಹಾ ಆರುವುದಕ್ಕೂ ಮೊದಲೇ ಆರಿತು.

ಮಾಮಾ ಕಲಬುರಗಿಯಿಂದ ಬಂದು ಈ ತೆಲುಗು ರಾಜಧಾನಿಯಲ್ಲಿ ನೆಲೆಯೂರಿ, ನಾಚಾರಂನಲ್ಲಿ ಒಂದು ಸಣ್ಣ ಕಾರ್ಖಾನೆ ಇಟ್ಟಿದ್ದರು. ಗಾಜಿನ ಕೊಳವೆಗಳನ್ನು ಕಾಯಿಸಿ, ಕತ್ತರಿಸಿ, ಇಂಜೆಕ್ಷನ್ ಔಷಧ ತುಂಬುವ ಪುಟ್ಟ ಶೀಶೆಗಳನ್ನು ಅಲ್ಲಿ ಮಾಡುತ್ತಿದ್ದರು. ಮಾಡುವುದು ಯಂತ್ರ, ಆದರೆ ಮಾಡಿದ್ದರಲ್ಲಿ ಕೂದಲೆಳೆಯ ಬಿರುಕು, ಗಾಳಿಗುಳ್ಳೆ, ಕರಿಚುಕ್ಕೆ ಇರುವುದನ್ನು ಹುಡುಕಿ ತೆಗೆಯುವುದು ಮನುಷ್ಯರ ಕಣ್ಣು. ಈ ಕೆಲಸಕ್ಕೆ ಹೆಂಗಸರ ಎರಡು ಗುಂಪುಗಳಿದ್ದವು. ಕಾರ್ಖಾನೆ ಆರಂಭವಾದಾಗಿನಿಂದ ಇದ್ದವರದು ಹಿರಿಯರ ಗುಂಪು. ಇತ್ತೀಚೆಗೆ ಸೇರಿದ ಹುಡುಗಿಯರದು ಕಿರಿಯರ ಗುಂಪು. ಮೇಜುಗಳೂ ಎರಡು. ಹಳೆಯದು ಟ್ಯೂಬ್‌ಲೈಟಿನ ಕೆಳಗಿನ ಉದ್ದನೆಯ ಮರದ ಮೇಜು. ಹೊಸದನ್ನು ಔಷಧ ಕಂಪನಿಯವರು ಹಟ ಹಿಡಿದು ಹಾಕಿಸಿದ್ದರು. ಅದರ ಮೇಲೆ ಕಪ್ಪು ಬಟ್ಟೆ ಹೊದಿಸಿದ ಕಬ್ಬಿಣದ ಗೂಡುಗಳು, ಪ್ರತಿ ಗೂಡಿನೊಳಗೂ ಒಂದು ಪ್ರಖರವಾದ ದೀಪ, ಮುಂದೆ ನೆಲಕ್ಕೆ ಬಿಗಿದ ಕುರ್ಚಿ. ಶೀಶೆಯನ್ನು ಗೂಡಿನೊಳಗೆ ಹಿಡಿದು, ಮುಖವನ್ನು ಹತ್ತಿರ ತಂದು, ತಿರುಗಿಸಿ ನೋಡಬೇಕು. ಹಿರಿಯರಿಗೆ ಗೌರವ ಸಲ್ಲಬೇಕೆಂದು ಮಾಮಾ ಆ ಹೊಸ ಮೇಜನ್ನು ಅವರಿಗೇ ಕೊಟ್ಟಿದ್ದರು.

ಈಗ ಆದದ್ದೆಂದರೆ, ಔಷಧ ಕಂಪನಿ ಒಂದರ ಹಿಂದೊಂದು ಮಾಲನ್ನು ತಿರುಗಿಸಿ ಕಳಿಸುತ್ತಿತ್ತು. ಒಡಕು ಶೀಶೆಗಳು ದಾಟಿಹೋಗಿದ್ದವು, ಮತ್ತು ಹಿಂದಿರುಗಿದ ಟ್ರೇಗಳಲ್ಲಿ ಹೆಚ್ಚಿನವು ಹಿರಿಯರ ಗುಂಪಿನವು. ಬರುವ ಶನಿವಾರ ಕಂಪನಿಯ ಅಧಿಕಾರಿ ಖುದ್ದು ಬರುವವನಿದ್ದ. ಏನು ಕ್ರಮ ಕೈಗೊಂಡಿದ್ದೀರಿ ಎಂಬ ಅವನ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆರ್ಡರು ಬೇರೆಯವರ ಪಾಲು.

"ಹಿರೇ ಮಂದಿನ್ನ ಬಿಡಬೇಕಾಗೈತಿ" ಎಂದರು ಮಾಮಾ. "ನೀ ಸರಾಸರಿ ತಗದು, ಆ ಗುಂಪಿನ ಕೆಲಸ ಕೆಟ್ಟೈತಿ ಅಂತ ಒಂದು ಕಾಗದದ ಮ್ಯಾಲೆ ಬರದು ಕೊಡು. ನಾ ಹೇಳೂದಕಿಂತ ಲೆಕ್ಕ ಹೇಳಿದ್ರ ಚಲೋ."

ಅವರ ಸಂಕಟ ನನಗೆ ಅರ್ಥವಾಯಿತು. ಮಾಮಾ ಕಠಿಣರಲ್ಲ; ಆ ಹೆಂಗಸರ ಮನೆಯ ತೊಟ್ಟಿಲಿಗೂ ಬಂದವರು, ಲಗ್ನಕ್ಕೂ ನಿಂತವರು. ತಮ್ಮ ಬಾಯಿಂದ ಹೊರಡದ ಮಾತನ್ನು ಗಣಿತದ ಬಾಯಿಂದ ಆಡಿಸಬೇಕಿತ್ತು, ಅಷ್ಟೆ. ಪಾಪದ ಪಾಲನ್ನು ಹೊರುವುದಕ್ಕೆ ಸರಾಸರಿಗಿಂತ ವಿಧೇಯವಾದ ಪ್ರಾಣಿ ಇನ್ನೊಂದಿಲ್ಲ.

"ಮಾಮಾ, ಹಿರೇರು ಯಾವಾಗಲೂ ಹೊಸಾ ಮೇಜಿನ ಮ್ಯಾಲೇ ಕುಂಡ್ರತಾರೇನು?" ಎಂದು ಕೇಳಿದೆ.

"ಮತ್ತ? ಹಳೇದು ಹುಡಿಗ್ಯಾರಿಗೆ."

"ಹಂಗಾರ ಕೆಟ್ಟಿದ್ದು ಗುಂಪೋ ಮೇಜೋ ಹ್ಯಾಂಗ ಹೇಳ್ತೀರಿ?"

ಮಾಮಾ ನನ್ನನ್ನು ದಿಟ್ಟಿಸಿ ನೋಡಿದರು. ನಾನು ನಮ್ಮ ಮನೆಯ ರೊಟ್ಟಿಯ ದೃಷ್ಟಾಂತವನ್ನು ಸವಿಸ್ತಾರವಾಗಿ ಹೇಳಿದೆ. ಒಳಗಿನಿಂದ ಅತ್ತೆಯವರು ಕೆಮ್ಮಿದರು. "ರೊಟ್ಟಿ ಬಿಡವಾ, ಶೀಶೆ ಮಾತಾಡು" ಎಂದರು ಮಾಮಾ.

ಶೀಶೆಯ ಮಾತನ್ನೇ ಆಡಿದೆ. ಒಂದು ವಾರ ಎರಡೂ ಗುಂಪು ಎರಡೂ ಮೇಜಿನ ಮೇಲೆ ಸರದಿಯಂತೆ ಕೆಲಸ ಮಾಡಲಿ. ಯಾರು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸೋಣ. ಬೆಳಗಿನ ಚುರುಕು, ಮಧ್ಯಾಹ್ನದ ತೂಕಡಿಕೆ ಇಬ್ಬರಿಗೂ ಸಮನಾಗಿ ಹಂಚಿಹೋಗಲಿ. ಪ್ರತಿ ಟ್ರೇಯಲ್ಲೂ ನಮಗೆ ಗೊತ್ತಿರುವಷ್ಟು ಒಡಕು ಶೀಶೆಗಳನ್ನು ಬೇಕೆಂದೇ ಬೆರೆಸೋಣ; ಎಷ್ಟು ಕಣ್ತಪ್ಪಿ ಹೋದವು ಎಂದು ಎಣಿಸೋಣ. ಮಾಮಾ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಒಂದು ಷರತ್ತು ಹಾಕಿದರು. "ಆಗಲಿ. ಆದ್ರ ಬಂದ ಉತ್ತರ ನಿನಗ ಸೇರದಿದ್ರೂ ನೀ ಅದನ್ನ ಬರೀಬೇಕು. ಆಮ್ಯಾಲೆ ಕನಿಕರ ತಗೊಂಡು ಬರಬ್ಯಾಡ." ನಾನು ಒಪ್ಪಿದೆ. ತರಗತಿಯಲ್ಲಿ ಎಷ್ಟೋ ಸಲ ಆಡಿದ ಮಾತಾದ್ದರಿಂದ ಸಲೀಸಾಗಿ ಒಪ್ಪಿದೆ.

ಈ ವಿಧಾನಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಉದ್ದನೆಯ ಹೆಸರಿದೆ: ಟೂ-ವೇ ಅನಾಲಿಸಿಸ್ ಆಫ್ ವೇರಿಯನ್ಸ್. ಹೆಸರಿಗೆ ಹೆದರಬೇಡಿ, ಇದು ಅಣ್ಣತಮ್ಮಂದಿರ ಪಾಲುಪಟ್ಟಿಗಿಂತ ಸರಳ. ಅಂಕಿಗಳು ಒಂದರಂತೆ ಒಂದಿರುವುದಿಲ್ಲವಲ್ಲ, ಆ ಏರುಪೇರಿಗೆ ಕಾರಣರಾದವರನ್ನು ಕರೆದು ಪಾಲು ಹಂಚುವುದು. ಇಷ್ಟು ಪಾಲು ಗುಂಪಿನಿಂದ ಬಂತು, ಇಷ್ಟು ಮೇಜಿನಿಂದ, ಇಷ್ಟು ಯಾರ ತಪ್ಪೂ ಅಲ್ಲದ ಆಕಸ್ಮಿಕದಿಂದ. ಇವುಗಳ ನಡುವೆ ಇನ್ನೊಬ್ಬ ಪಾಲುದಾರನಿದ್ದಾನೆ. ಒಂಟಿಯಾಗಿ ಗುಂಪೂ ಅಲ್ಲದ, ಒಂಟಿಯಾಗಿ ಮೇಜೂ ಅಲ್ಲದ, ಈ ಗುಂಪು ಆ ಮೇಜಿಗೆ ಕುಳಿತಾಗ ಮಾತ್ರ ಹುಟ್ಟುವ ಪರಿಣಾಮ. ಅದಕ್ಕೆ ಅಂತರಕ್ರಿಯೆ ಎನ್ನುತ್ತಾರೆ. ಪಾಠದಲ್ಲಿ ಅದು ಕೊನೆಗೆ ಬರುತ್ತದೆ; ಗಂಟೆ ಹೊಡೆಯುವ ಹೊತ್ತಿಗೆ ಬರುವುದರಿಂದ ವಿದ್ಯಾರ್ಥಿನಿಯರು ಅದನ್ನು ಕೇಳಿಸಿಕೊಂಡದ್ದು ಕಡಿಮೆ.

ಕಾಲೇಜಿಗೆ ರಜೆ ಹಾಕಿ ಸೋಮವಾರ ನಾಚಾರಂಗೆ ಹೋದೆ. ನಾನು ಚಿಕ್ಕಂದಿನಿಂದ ಹೋಗಿಬರುತ್ತಿದ್ದ ಜಾಗವಾದರೂ ಆ ದಿನ ಒಳಗೆ ಕಾಲಿಟ್ಟೊಡನೆ ಮಾತು ನಿಂತುಹೋಯಿತು. ಗಾಜಿನ ಕಿಣಿಕಿಣಿ ಮಾತ್ರ ಉಳಿಯಿತು. ಚೀಟಿಗಳ ಡಬ್ಬಿಯನ್ನು ಹಿಡಿದು ನಿಂತ ನಾನು ಅವರ ಕಣ್ಣಿಗೆ ವಿದ್ಯಾವಂತೆಯಾಗಿ ಕಾಣಲಿಲ್ಲ. ಸಾಲಾಗಿ ನಿಂತ ಕುರಿಗಳ ನಡುವೆ ಬಂದು ಕತ್ತಿಯ ಚೀಲ ಬಿಚ್ಚುವವಳಂತೆ ಕಂಡಿರಬೇಕು. ಹಿರಿಯರ ಗುಂಪಿನ ಮುಂದಾಳು ಶಿವಮ್ಮ. ರಾಯಚೂರಿನ ಕಡೆಯವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬೈಯುವುದಕ್ಕೆ ಮಾತ್ರ ಹಿಂದಿ. ಬೇರೆ ದಿನವಾದರೆ ನನ್ನನ್ನು ಕಂಡೊಡನೆ "ಬಾಯಾರ, ಸೊರಗೀರಲ್ರಿ" ಎನ್ನುತ್ತಿದ್ದವಳು, ಅವತ್ತು ಡಬ್ಬಿಯಿಂದ ಚೀಟಿಯನ್ನು ಎತ್ತಿ, ಬಿಚ್ಚದೆ ನನ್ನ ಕೈಗೆ ಕೊಟ್ಟು ಹೋಗಿ ಕುಳಿತಳು.

ವಾರ ಸಾಗಿದಂತೆ ಬಿಗುವು ಹೆಚ್ಚಿತು. ಕಿರಿಯ ಹುಡುಗಿಯರೂ ಹಾಡು ಗುನುಗುವುದನ್ನು ಬಿಟ್ಟರು. ಗೆದ್ದರೆ ಯಾರ ಅನ್ನದ ಮೇಲೆ ಗೆಲ್ಲುತ್ತೇವೆ ಎಂಬುದು ಅವರಿಗೂ ಗೊತ್ತಿತ್ತು. ಹೊಸ ಮೇಜಿಗೆ ಹಿರಿಯರು ಕುಳಿತಾಗಲೆಲ್ಲ ಸೂಪರ್‌ವೈಸರ್ ಸಲೀಂ ಅವರ ಹಿಂದೆ ಓಡಾಡುತ್ತ, "ಅಂದರ್ ರಖೋ ಅಮ್ಮಾ, ಅಂದರ್" ಎನ್ನುತ್ತಿದ್ದ. ಶೀಶೆಯನ್ನು ಗೂಡಿನಿಂದ ಹೊರಗೆಳೆಯುವ ಅಭ್ಯಾಸ ಅವರಿಗಿತ್ತು. ಗೂಡಿನೊಳಗೇ ನೋಡಬೇಕೆಂಬುದು ಕಂಪನಿಯ ಕಟ್ಟಪ್ಪಣೆ. ನಾನೂ ಅದನ್ನು ಕಂಡೆ. ಕಂಡು, ಹಳೆಯ ಕೈಗಳಿಗೆ ಹೊಸ ಶಿಸ್ತು ಒಗ್ಗುತ್ತಿಲ್ಲ ಎಂದುಕೊಂಡೆ. ಅವರ ಟ್ರೇಗಳಲ್ಲಿ ದಾಟಿಹೋದ ಒಡಕುಗಳನ್ನು ಎಣಿಸಿ ಬರೆಯುವಾಗ ಒಂದೊಂದನ್ನೂ ಎರಡು ಸಲ ನೋಡುತ್ತಿದ್ದೆ. ಬಿಡಿಬಿಡಿಯಾಗಿ ಕೂಡಿನೋಡುವ ಆಸೆಯಾಗುತ್ತಿತ್ತು. ಎಲ್ಲ ಮುಗಿಯುವವರೆಗೆ ಕೂಡಬಾರದೆಂದು ನನಗೆ ನಾನೇ ವಿಧಿಸಿಕೊಂಡಿದ್ದೆ. ಎಣ್ಣೆಯಲ್ಲಿ ಮುಖ ನೋಡುವವರಂತೆ ಅಂಕಿಗಳನ್ನು ಮತ್ತೆಮತ್ತೆ ನೋಡಿದರೆ ನಮಗೆ ಬೇಕಾದ ಮುಖವೇ ಕಾಣಿಸುತ್ತದೆ.

ವಾರದ ನಡುವೆ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಶಿವಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು.

"ಬಾಯಾರ, ನಮ್ಮದು ಭಾಳ ಕೆಟ್ಟ ಬರಾಕತ್ತೈತೇನ್ರಿ?"

"ಈಗ ಹೇಳಾಕ ಬರಂಗಿಲ್ಲ ಶಿವಮ್ಮ. ಎಲ್ಲಾ ಮುಗೀಲಿ."

ಅವಳು ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. "ಪೆನ್ನು ನಿಮ್ಮ ಕೈಯಾಗ ಐತ್ರಿ. ಎಲ್ಲೋ ಒಂದೀಟು ಹೆಚ್ಚುಕಮ್ಮಿ ಬರದ್ರ ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ" ಎಂದೆ.

ಉತ್ತರ ಸರಿಯಾಗಿತ್ತು. ಇಸ್ತ್ರಿ ಮಾಡಿದ ಸೀರೆಯಷ್ಟು ಸರಿಯಾಗಿತ್ತು. ಅದಕ್ಕೇ ಆ ಧೂಳಿನ ರಸ್ತೆಯಲ್ಲಿ ನಿಂತು ಆಡಿದಾಗ ನನಗೇ ನಾಚಿಕೆಯಾಯಿತು. ಶಿವಮ್ಮ ಸಿಟ್ಟಾಗಲಿಲ್ಲ. ತಗ್ಗಿದ ದನಿಯಲ್ಲಿ, "ಕೆಲಸ ಹೋದ್ರ ಇನ್ನೊಂದು ಹುಡುಕ್ತೀವ್ರಿ. ಕೆಲಸ ಕೆಟ್ಟೈತಿ ಅಂತ ಹೆಸರು ಬಂತಂದ್ರ ಈ ನಾಚಾರಂದಾಗ ಯಾವ ಗೇಟಿನಾಗ ನಮ್ಮನ್ನ ಬಿಟ್ಕೋತಾರ್ರಿ?" ಎಂದಳು. ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. ನನ್ನನ್ನು ಬಲವಂತವಾಗಿ ಕೂರಿಸಿ, ತಾನು ಕಂಬ ಹಿಡಿದು ತಾರ್ನಾಕಾದವರೆಗೂ ನಿಂತೇ ಬಂದಳು. ಅವಳ ಭವಿಷ್ಯದ ಅಂಕಿಗಳು ನನ್ನ ತೊಡೆಯ ಮೇಲಿನ ಚೀಲದಲ್ಲಿದ್ದವು. ಅವಳು ಒಂದು ಸಲವೂ ಆ ಚೀಲದ ಕಡೆ ನೋಡಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಪ್ರಭಾಕರರದು ಸರ್ಕಾರಿ ನೌಕರಿ. ಯಾವ ಸಂಕಟಕ್ಕೂ ಒಂದು ಸಮಾಧಾನದ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವ ಸ್ವಭಾವ. "ನೀ ನ್ಯಾಯಾಧೀಶಿ ಅಲ್ಲ ಸರೋಜಾ, ತಕ್ಕಡಿ" ಎಂದರು. "ತಕ್ಕಡಿಗೆ ನಿದ್ದಿ ಬರತೈತಿ, ನನಗ ಬರವಲ್ದು" ಎಂದೆ. ನಿಜವಾದ ಭಯ ಏನೆಂದು ಅವರಿಗೂ ಹೇಳಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ ಅಂಕಿಗಳು ಯಾರವೋ ಹೊಲದ ಗೋಧಿಯವು, ಯಾವುದೋ ಶಾಲೆಯ ಮಕ್ಕಳವು. ಪುಸ್ತಕದ ಹಾಳೆ ತಿರುಗಿಸಿದರೆ ಮುಗಿಯುತ್ತಿದ್ದವು. ಇವು ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟಿದ್ದವು.

ಶುಕ್ರವಾರ ಮಧ್ಯಾಹ್ನಕ್ಕೆ ಪರೀಕ್ಷೆ ಮುಗಿಯಿತು. ಸಂಜೆ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿ, ಕ್ಯಾಲ್ಕುಲೇಟರನ್ನು ಹತ್ತಿರ ಎಳೆದುಕೊಂಡು ಕುಳಿತೆ. ಮೊದಲು ಗುಂಪಿನ ಪಾಲನ್ನು ತೆಗೆದೆ. ಎರಡು ಸಲ ತೆಗೆದೆ, ಏಕೆಂದರೆ ಮೊದಲ ಸಲ ನಂಬಿಕೆ ಬರಲಿಲ್ಲ. ಎರಡೂ ಮೇಜುಗಳನ್ನು ಸೇರಿಸಿ ನೋಡಿದರೆ ಹಿರಿಯರಿಗೂ ಕಿರಿಯರಿಗೂ ಇದ್ದ ಅಂತರ ಆಕಸ್ಮಿಕದಷ್ಟೇ. ಮೇಜಿನ ಪಾಲೂ ಆಕಸ್ಮಿಕವಲ್ಲ ಎನ್ನುವ ಗಡಿಯ ಹತ್ತಿರ ಹೋಗಿ ಹಿಂದಿರುಗಿತು. ಆದರೆ ಅಂತರಕ್ರಿಯೆಯ ಅಂಕಿ ಮಾತ್ರ ಬೆಳೆಯುತ್ತಲೇ ಹೋಯಿತು. ನಾಲ್ಕು ಚೌಕಗಳನ್ನು ಬರೆದು ನೋಡಿದೆ. ಹಳೆಯ ಮೇಜಿನ ಮೇಲೆ ಹಿರಿಯರ ಕೆಲಸ ನಾಲ್ಕರಲ್ಲಿ ಎಲ್ಲಕ್ಕಿಂತ ಉತ್ತಮ. ಅದೇ ಹಿರಿಯರದು ಹೊಸ ಮೇಜಿನ ಮೇಲೆ ಎಲ್ಲಕ್ಕಿಂತ ಕಳಪೆ. ಕಿರಿಯರದು ಎರಡೂ ಕಡೆ ನಡುವಣದು, ಹೊಸ ಮೇಜಿನಲ್ಲಿ ಒಂದಿಷ್ಟು ಮೇಲು. ಕೆಟ್ಟದ್ದು ಗುಂಪಲ್ಲ, ಮೇಜೂ ಅಲ್ಲ, ಅವೆರಡರ ಜೋಡಿ.

ಒಂದು ಕ್ಷಣ ಕೈ ಚಪ್ಪಾಳೆಗೆ ಎದ್ದಿತು. ಮರುಕ್ಷಣವೇ ಕೆಳಗಿಳಿಯಿತು. ಏಕೆ ಎಂದು ಮಾಮಾ ಕೇಳಿದರೆ? ಲೆಕ್ಕ ಜೋಡಿಯನ್ನು ಹಿಡಿದುಕೊಡುತ್ತದೆ, ಜಗಳದ ಕಾರಣವನ್ನು ಹೇಳುವುದಿಲ್ಲ. ಆ ಅಂಕಿ ನಂಬಲು ಯೋಗ್ಯವೋ ಎಂದು ಖಚಿತಪಡಿಸಿಕೊಳ್ಳಲು ಪುಸ್ತಕದ ಕೊನೆಯ ಪುಟಗಳ ಕೋಷ್ಟಕವನ್ನು ತೆರೆದೆ. ಇರುವೆಸಾಲಿನಂಥ ಅಕ್ಷರಗಳು. ಪುಸ್ತಕವನ್ನು ಹತ್ತಿರ ತಂದೆ, ಇರುವೆಗಳು ಕಲಸಿಹೋದವು. ದೂರ ಹಿಡಿದೆ, ಸಾಲಾದವು. ಇನ್ನೂ ದೂರಕ್ಕೆ ಕೈ ಚಾಚಿದೆ.

ಪತ್ರಿಕೆ ಓದುತ್ತಿದ್ದ ಪ್ರಭಾಕರ ತಲೆಯೆತ್ತಿ ನಕ್ಕರು. "ಕೈ ಇನ್ನೊಂಚೂರು ಉದ್ದ ಇರಬೇಕಿತ್ತು ನೋಡು. ಚಾಳೀಸು ಬಂದೈತಿ ನಿನಗ, ಒಪ್ಪಿಕೊ."

ಚಾಳೀಸು! ನಲವತ್ತರ ಗಡಿ ದಾಟಿದವರಿಗೆ ಸಮೀಪದ್ದು ಮಬ್ಬಾಗುವ ಆ ಸಾರ್ವತ್ರಿಕ ಕಾಯಿಲೆಗೂ, ಅದಕ್ಕೆ ಹಾಕುವ ಕನ್ನಡಕಕ್ಕೂ ನಾವು ಒಂದೇ ಹೆಸರಿಟ್ಟು ಕರೆಯುತ್ತೇವೆ. ಚಾಚಿದ ಕೈ ಚಾಚಿದಂತೆಯೇ ನಿಂತಿತು. ಹಳೆಯ ಮೇಜಿನ ಮುಂದೆ ಶಿವಮ್ಮ ಶೀಶೆಯನ್ನು ಹಿಡಿಯುತ್ತಿದ್ದದ್ದು ಹೀಗೆಯೇ, ತೋಳು ನೀಳವಾಗಿ ಚಾಚಿ, ಟ್ಯೂಬ್‌ಲೈಟಿಗೆ ಎತ್ತಿ. ಹೊಸ ಮೇಜಿನ ಗೂಡು ಮುಖಕ್ಕೆ ಗೇಣುದೂರ. ಕುರ್ಚಿ ಹಿಂದೆ ಸರಿಯುವುದಿಲ್ಲ, ಶೀಶೆಯನ್ನು ಹೊರಗೆಳೆದರೆ ಸಲೀಂ ಬಿಡುವುದಿಲ್ಲ. ಹಿರಿತನಕ್ಕೆಂದು ಮಾಮಾ ಕೊಟ್ಟ ಮೇಜು ಹಿರಿತನದ ಕಣ್ಣಿಗೇ ಮುಚ್ಚಿದ ಬಾಗಿಲು.

ನೆಮ್ಮದಿ ಬರಬೇಕಿತ್ತು, ಬಂದದ್ದು ಹೊಸ ಭಯ. ಆ ಹೆಂಗಸರಿಗೆ ಇದು ಗೊತ್ತಿರಲಿಲ್ಲವೇ? ತಮ್ಮ ಕಣ್ಣು ತಮಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೂ ಬಾಯಿಬಿಟ್ಟಿಲ್ಲವೆಂದರೆ, ಬಿಟ್ಟರೆ ಏನಾಗುತ್ತದೆಂಬುದೂ ಗೊತ್ತಿರಬೇಕು. ನಾಳೆ ನಾನು ಅದನ್ನೇ ಎಲ್ಲರ ಮುಂದೆ ಹೇಳಬೇಕಿತ್ತು.

ಶನಿವಾರ ಅಧಿಕಾರಿ ಹೇಳಿದ ವೇಳೆಗಿಂತ ಮೊದಲೇ ಬಂದ. ತೆಲುಗಿನವನು, ಮಿತಭಾಷಿ, ಗಡಿಯಾರ ನೋಡಿಕೊಳ್ಳುವ ಜಾತಿ. ಮಾಮಾ ಮೂಗಿನ ಮೇಲಿನ ಚಾಳೀಸನ್ನು ಸರಿಪಡಿಸಿಕೊಂಡು ನನ್ನ ಕಾಗದವನ್ನು ಓದಿದರು. ನಾನು ನಾಲ್ಕು ಚೌಕಗಳನ್ನು ವಿವರಿಸಿದೆ, ಕಾರಣವಿರಬಹುದಾದದ್ದನ್ನೂ ಹೇಳಿದೆ. ಬಾಗಿಲ ಆಚೆ ಹಿರಿಯರೂ ಕಿರಿಯರೂ ಕೈಗೆಲಸ ಬಿಟ್ಟು ನಿಂತಿದ್ದರು.

ಮಾಮಾ ಕಾಗದವನ್ನು ಕೆಳಗಿಟ್ಟರು. "ಅಂದ್ರ ಅವರಿಗೆ ಕಣ್ಣು ಕಾಣಂಗಿಲ್ಲ ಅಂದಂಗಾತು. ಹಂಗಾರ ನಾ ಹೇಳಿದ್ದ ಖರೆ ಆತಲ್ಲ, ಸರೂ?"

ನಾನು ಹೆದರಿದ್ದ ಮಾತು ಅದೇ. ಅಧಿಕಾರಿಯೂ ತಲೆಯಾಡಿಸಿ, ಮೇಜು ಬದಲಾಗುವುದಿಲ್ಲ, ಹಳೆಯ ಮೇಜಿನ ಮಾಲನ್ನು ಕಂಪನಿ ಇನ್ನು ಒಪ್ಪುವುದೂ ಇಲ್ಲ ಎಂದು ತೆಲುಗಿನಲ್ಲಿ ಮೆಲ್ಲನೆ ಹೇಳಿದ. ಬಾಗಿಲ ಆಚೆ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಆಗ ನಾನು ಮಾಡಿದ್ದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಎದ್ದು ಹೋಗಿ, ಹಿರಿಯರೆನ್ನದೆ, ಮಾಮಾನ ಮೂಗಿನ ಮೇಲಿಂದ ಚಾಳೀಸನ್ನು ತೆಗೆದುಕೊಂಡೆ.

"ಏ, ಏನ್ ಮಾಡಾಕತ್ತಿ ನೀ!"

"ಮಾಮಾ, ಆ ಕಾಗದ ಈಗ ಓದ್ರಿ."

ಮಾಮಾ ಕಾಗದವನ್ನು ಎತ್ತಿದರು. ಕಣ್ಣು ಕಿರಿದುಮಾಡಿದರು. ಕೈಯನ್ನು ಚಾಚಿದರು, ಮತ್ತೂ ಚಾಚಿದರು.

"ನಿಮ್ಮ ಕೆಲಸ ಕೆಟ್ಟೈತಿ ಅಂತ ಯಾರರ ಅಂದಾರೇನ್ರಿ?" ಎಂದೆ. ಉತ್ತರಕ್ಕೆ ಕಾಯುವ ಧೈರ್ಯ ಉಳಿದಿರಲಿಲ್ಲ. ಹೊರಗೆ ಹೋಗಿ ಶಿವಮ್ಮನನ್ನು ಹೊಸ ಮೇಜಿಗೆ ಕೂರಿಸಿದೆ. ಅವಳು ಹಿಂಜರಿದಳು. "ಮಾಲಕರ ಕನ್ನಡಕ ನಾ ಹ್ಯಾಂಗ ಹಾಕ್ಕೊಳ್ಳಲ್ರಿ? ಬ್ಯಾಡ್ರಿ ಬಾಯಾರ." ಮಾಮಾ ಬಾಗಿಲಿಗೆ ಬಂದು ನಿಂತಿದ್ದರು, ಮಬ್ಬುಗಣ್ಣಿನಲ್ಲೇ ಅವಳ ಕಡೆ ನೋಡಿ, "ಹಾಕ್ಕೊಳವಾ" ಎಂದರು.

ಚಾಳೀಸು ಅವಳ ಮುಖಕ್ಕೆ ದೊಡ್ಡದಾಗಿತ್ತು, ಜಾರಿ ಬೀಳುತ್ತಿತ್ತು. ಅವಳ ಎರಡೂ ಕೈಗಳು ಕೆಲಸಕ್ಕೆ ಬೇಕಾದ್ದರಿಂದ ನಾನು ಹಿಂದೆ ನಿಂತು ಅದರ ಕಡ್ಡಿಗಳನ್ನು ಕಿವಿಗಳ ಬಳಿ ಒತ್ತಿ ಹಿಡಿದೆ. ಮಾಮಾನ ನಂಬರು ಅವಳಿಗೆ ಹೊಂದೀತೆಂಬ ಖಾತ್ರಿಯೇನೂ ಇರಲಿಲ್ಲ. ಸ್ನಾತಕೋತ್ತರ ಪದವೀಧರೆಯೊಬ್ಬಳು ಜೀವಮಾನದಲ್ಲಿ ಮಾಡಿದ ಅತ್ಯಂತ ಗಹನವಾದ ಪ್ರಯೋಗದಲ್ಲಿ ಅವಳ ಪಾತ್ರ ಕನ್ನಡಕದ ದಾರದ್ದು. ಅಧಿಕಾರಿ ತಾನೇ ಒಂದು ಟ್ರೇಯನ್ನು ಆರಿಸಿ, ಬೆನ್ನು ತಿರುಗಿಸಿ, ಒಡಕು ಶೀಶೆಗಳನ್ನು ಬೆರೆಸಿ ತಂದಿಟ್ಟ.

ಶಿವಮ್ಮ ಮೊದಲ ಶೀಶೆಯನ್ನು ಗೂಡಿನೊಳಗೆ ಹಿಡಿದಳು. ಹೊರಗೆಳೆಯಲಿಲ್ಲ. ಸುಮ್ಮನೆ ನೋಡುತ್ತ ಕುಳಿತಳು.

"ಏನಾತು? ಕಾಣವಲ್ದೇನು?" ಎಂದು ಪಿಸುಗುಟ್ಟಿದೆ.

"ಕಾಣಾಕತ್ತೈತ್ರಿ" ಎಂದಳು. "ಭಾಳ ದಿನದ ಮ್ಯಾಲೆ ಗಾಜು ಕಾಣಾಕತ್ತೈತಿ."

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಒಳ್ಳೆಯದು ಬಲಕ್ಕೆ, ಒಡಕು ಎಡಕ್ಕೆ. ಟ್ರೇ ಮುಗಿದ ಮೇಲೆ ಅಧಿಕಾರಿ ತಾನು ಬೆರೆಸಿದವುಗಳನ್ನು ಎಡದ ರಾಶಿಯಲ್ಲಿ ಒಂದೊಂದಾಗಿ ಹುಡುಕಿದ. ಎಲ್ಲವೂ ಇದ್ದವು. ಕಿರಿಯರ ಗುಂಪಿನಿಂದ ಒಬ್ಬ ಹುಡುಗಿ ಚಪ್ಪಾಳೆ ತಟ್ಟಿ, ತನ್ನ ಸದ್ದಿಗೆ ತಾನೇ ಹೆದರಿ ನಿಲ್ಲಿಸಿದಳು. ಒಬ್ಬಳ ಫಲಿತಾಂಶ ಪುರಾವೆಯಾಗುವುದಿಲ್ಲ, ಎಲ್ಲರಿಗೂ ಚಾಳೀಸು ಹಾಕಿಸಿ ಮತ್ತೆ ಪರೀಕ್ಷೆ ಮಾಡಬೇಕು ಎಂದು ನಾನೇ ಹೇಳಿದೆ, ಶಾಸ್ತ್ರ ಬಿಡಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು, ಮುಂದಿನ ಮಾಲಿನವರೆಗೆ ಸಮಯ ಕೊಟ್ಟು ಹೋದ.

ಆ ವಾರವೇ ಮಾಮಾ ಕಣ್ಣಿನ ಡಾಕ್ಟರನ್ನು ಕಾರ್ಖಾನೆಗೇ ಕರೆಸಿದರು. ಎಲ್ಲರಿಗೂ ಚಾಳೀಸು ಬಂದ ಮೇಲೆ ಮತ್ತೆ ಪರೀಕ್ಷೆ ನಡೆಸಿ ಲೆಕ್ಕ ಹಾಕಿದಾಗ ಅಂತರಕ್ರಿಯೆಯ ಆ ದೊಡ್ಡ ಅಂಕಿ ಕುಗ್ಗಿ ಆಕಸ್ಮಿಕದ ಗುಂಪಿಗೆ ಸೇರಿಕೊಂಡಿತು. ಕಿರಿಯರಿಗೂ ಹಿರಿಯರಿಗೂ ಯಾವ ಮೇಜಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಮುಂದಿನ ಮಾಲು ತಿರುಗಿ ಬರಲಿಲ್ಲ, ಆರ್ಡರೂ ಉಳಿಯಿತು. ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾದೀತು. ಹಿರಿಯರಲ್ಲಿ ಯಾದಮ್ಮ ಎಂಬವಳಿಗೆ ಚಾಳೀಸಿನಿಂದ ಏನೂ ಆಗಲಿಲ್ಲ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಆದರೆ ಗಾಜಿನ ಕೆಲಸಕ್ಕೆ ಆ ಕಣ್ಣು ಹಿಂದಿರುಗಲಿಲ್ಲ. ಮಾಮಾ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಅವಳು ಅಲ್ಲಿಂದ ಶೀಶೆಯ ಮೇಜುಗಳ ಕಡೆ ನೋಡುತ್ತ ಕೂರುತ್ತಿದ್ದಳಂತೆ. ನನ್ನ ಶಾಸ್ತ್ರದಲ್ಲಿ ಅವಳು ಗುಂಪಿನ ಸರಾಸರಿಯೊಳಗೆ ಕರಗಿಹೋಗಿದ್ದಳು. ಅವಳನ್ನು ಬೇರೆಯಾಗಿ ಕಾಣುವ ಚೌಕ ನಾನು ಬರೆದಿರಲಿಲ್ಲ.

ಸೀತಾಫಲದ ಕಾಲ ಬಂದಾಗ ಒಂದು ಭಾನುವಾರ ಶಿವಮ್ಮ ನಮ್ಮ ಮನೆಗೆ ಬಂದಳು. ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಚಾಳೀಸು, ಕೈಚೀಲದ ತುಂಬ ಹಣ್ಣು. ಅತ್ತೆಯವರ ಜೊತೆ ರಾಯಚೂರಿನ ಬಿಸಿಲಿನ ಬಗ್ಗೆ ಮಾತಾಡಿದಳು, ಚಹಾ ಕುಡಿದಳು. ಹೊರಡುವಾಗ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, ನೆಲವನ್ನು ನೋಡುತ್ತಲೇ ಕೇಳಿದಳು:

"ಬಾಯಾರ, ಒಂದು ಮಾತು. ಲೆಕ್ಕ ನಮಗ ಉಲ್ಟಾ ಬಂದಿದ್ರ ಏನ್ ಮಾಡ್ತಿದ್ರಿ?"

ಅವಳಿಗೆ ಹಿತವಾಗುವಂಥದ್ದೇನಾದರೂ ಹೇಳಬಹುದಿತ್ತು. ಆ ವಾರವೆಲ್ಲ ನನ್ನನ್ನು ನಿದ್ದೆಗೆಡಿಸಿದ ಪ್ರಶ್ನೆ ಅದೇ ಆಗಿತ್ತು.

"ಹಂಗ ಬರೀತಿದ್ದೆ ಶಿವಮ್ಮ" ಎಂದೆ. "ಬರದು, ಅಳಕೋತ ಕೊಡ್ತಿದ್ದೆ. ಆದ್ರ ಬರೀತಿದ್ದೆ."

ಅವಳು ತಲೆಯೆತ್ತಿದಳು. ಸಿಟ್ಟಿರಲಿಲ್ಲ, ಹಳೆಯ ಸಂಗತಿಯೊಂದನ್ನು ಹೊಸದಾಗಿ ಕೇಳಿಸಿಕೊಂಡವಳ ಮುಖ.

"ಗೊತ್ತಿತ್ರಿ" ಎಂದಳು. "ಅದಕ್ಕ ಆ ವಾರ ನಾವು ಮಾಲಕರಿಗೆ ಅಂಜಿದ್ದಿಲ್ರಿ. ನಿಮಗ ಅಂಜಿದ್ವಿ."

ಮತ್ತೆ ಸೆರಗು ಹೊದ್ದು, ಓಣಿಯ ತಿರುವಿನವರೆಗೂ ಹಿಂದಿರುಗಿ ನೋಡದೆ ಹೋದಳು. ನಾನು ಸೀತಾಫಲದ ಚೀಲವನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅದು ಮೆಚ್ಚುಗೆಯೋ ದೂರೋ ಎಂದು ನನಗೆ ಆಗ ತಿಳಿಯಲಿಲ್ಲ. ಈಗ ಇಷ್ಟು ವರ್ಷಗಳ ಮೇಲೆ, ಅದರಲ್ಲಿ ಎರಡರ ಪಾಲೂ ಇತ್ತೆಂದು ನನಗನಿಸುತ್ತದೆ. ಯಾವುದು ಎಷ್ಟು ಎಂದು ಬೇರ್ಪಡಿಸಲು ಮಾತ್ರ ನಾನು ಹೋಗಿಲ್ಲ.